ಬರಿಗೊರಳು

ನಿಜಾಮನ ಸೀಮೆಯಿಂದ ಕೂಸನ್ನೆತ್ತಿಕೊಂಡು ಕಲ್ಯಾಣದುರ್ಗಕ್ಕೆ ಓಡಿಬಂದಿದ್ದ ಹೆಂಗಸು ಈ ಹೊತ್ತೂ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. ಬತ್ತಿದ ಎದೆಯನ್ನು ಚೀಪಿ ಚೀಪಿ ಕೂಸು ಅಳಲೂ ತ್ರಾಣವಿಲ್ಲದೆ ಬಿದ್ದಿತ್ತು. ಆಶ್ರಯ ಕೊಟ್ಟಿದ್ದ ಕರಿಬಸಮ್ಮನಿಗೆ ರೇಗಿತು.

"ನಮ್ಮನೆ ಅಡಿಗೆ ಮ್ಯಾಲೆ ಅನುಮಾನವಾ? ನಾವೂ ಲಿಂಗವಂತರೇ ಕಣಮ್ಮ," ಎಂದು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಿಂದ ಹೊರಗೆಳೆದು ತೋರಿಸಿದಳು.

ಹೆಂಗಸು ತನ್ನ ಬರಿಗೊರಳನ್ನು ಮುಟ್ಟಿಕೊಂಡಳು. "ನಂದು ಹೊಳಿ ದಾಟೂವಾಗ ನೀರುಪಾಲಾತ್ರಿ ಯವ್ವಾ. ಲಿಂಗಪೂಜಿ ಇಲ್ದ ಹ್ಯಾಂಗ ಉಣ್ಲಿ?"

ಹೊಸ ಲಿಂಗ ಕಟ್ಟಬೇಕಾದ ಅಯ್ಯನೋರು ಕಂಬದೂರಿಗೆ ಹೋಗಿದ್ದರು. ಬರುವುದು ನಾಳೆಯೋ ನಾಡಿದ್ದೋ. ಕರಿಬಸಮ್ಮ ಕೂಸಿನ ಮುಖ ನೋಡಿದಳು. ಹುಟ್ಟಿದಂದಿನಿಂದ ತನ್ನ ಮೈಬಿಡದ ಲಿಂಗವನ್ನು ಬಿಚ್ಚಿ ಆ ಹೆಂಗಸಿನ ಅಂಗೈಯಲ್ಲಿಟ್ಟಳು.

"ಪೂಜೆ ಮಾಡಿ ಉಣ್ಣು. ಅಯ್ಯನೋರು ಬರೋಗಂಟ ಇದು ನಿನ್ನತ್ರಾನೇ ಇರ್ಲಿ."

ಆಮೇಲೆ ತನಗೆಂದು ಬಡಿಸಿಟ್ಟಿದ್ದ ಮುದ್ದೆಯನ್ನೂ ಅವಳ ತಟ್ಟೆಗೇ ಹಾಕಿದಳು.