ಒಳಗಿನ ಹೊಲಿಗೆ

"ಈಚೆಗೆ ಸಣ್ಣಗಾಗಿದ್ದೀರಾ?" ಎಂದು ಡಾಕ್ಟರು ಕೇಳಿದಾಗ ದರ್ಜಿಯ ಹೆಂಡತಿಗೆ ನಗು ಬಂತು. ಹೊಟ್ಟೆನೋವೆಂದು ಬಂದವಳನ್ನು ಕೇಳುವ ಮಾತೇ ಇದು! "ಎಲ್ಲಿ ಬಂತು ಡಾಕ್ಟ್ರೇ, ಮೂರು ವರ್ಷದ ಹಿಂದಿನ ಅಂಗಿ ಇವತ್ತಿಗೂ ಅಚ್ಚುಕಟ್ಟಾಗಿ ಕೂರುತ್ತೆ. ಹೊಲಿದೋರು ಇಲ್ಲೇ ಇದ್ದಾರಲ್ಲ, ಕೇಳಿ," ಎಂದು ಗಂಡನ ಕಡೆ ಕೈ ತೋರಿಸಿದಳು. ಗಂಡ ನೆಲ ನೋಡುತ್ತಿದ್ದ.

ಡಾಕ್ಟರು ಹಳೆಯ ಚೀಟಿ ಹುಡುಕಿ ತೆಗೆದು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಹದಿಮೂರು ಕಿಲೋ ಕಮ್ಮಿ. ಯಂತ್ರ ಕೆಟ್ಟಿರಬೇಕು ಎಂದಳು ಅವಳು. ಡಾಕ್ಟರು ತಾವೇ ಹತ್ತಿ ನೋಡಿದರು, ಯಂತ್ರಕ್ಕೇನೂ ಆಗಿರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಅವರು ಮತ್ತೆ ಕೇಳಿದಾಗ ದರ್ಜಿ ಬಾಯಿ ಬಿಡಲೇಬೇಕಾಯಿತು.

"ಹತ್ತು ತಿಂಗಳಾಯ್ತು," ಎಂದ. "ನಾಲ್ಕು ಸಲ ಹಿಡಿದು ಹೊಲಿದಿದ್ದೀನಿ. ಇವಳ ಎಲ್ಲಾ ಅಂಗೀನೂ."

ಈ ಪುಣ್ಯಾತ್ಮನ ಕೈಚಳಕ ಇಂದು ನಿನ್ನೆಯದಲ್ಲ. ಎರಡನೆಯ ಹೆರಿಗೆಯಾದ ಮೇಲೆ ಅವಳು ದಪ್ಪಗಾಗಿ ಕನ್ನಡಿಯ ಮುಂದೆ ಕಣ್ಣೀರು ಹಾಕಿದಾಗ, ಬಟ್ಟೆಗಳನ್ನು ಗುಟ್ಟಾಗಿ ಅಂಗಡಿಗೆ ಒಯ್ದು, ಒಳಗಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿ ತಂದು, ಅದೇ ಅಳತೆ ಕಣೇ ಎಂದಿದ್ದ. ಅವಳು ನಂಬಿ ಓರಗಿತ್ತಿಯರ ಮುಂದೆಲ್ಲ ಜಂಬ ಕೊಚ್ಚಿಕೊಂಡಳು. ಯಾರ ಗಂಟೂ ಹೋಗದ ಸುಳ್ಳು, ಮನೆ ನಗುನಗುತ್ತಿತ್ತು. ಹೋದ ವರ್ಷ ಅದೇ ಅಂಗಿ ಹೆಗಲಿಂದ ಜಾರತೊಡಗಿದ್ದು ಮೊದಲು ಕಂಡದ್ದು ಅವನ ಕಣ್ಣಿಗೆ. ಅವಳ ತಾಯಿ ಹೀಗೇ ಸೊರಗಿ ಸೊರಗಿ ಹೋದವರು. ಗೊತ್ತಾದರೆ ಇವಳು ಹೆದರಿ ಅರ್ಧ ಸಾಯುತ್ತಾಳೆ ಎಂದುಕೊಂಡ. ನಿಜಕ್ಕೂ ಹೆದರಿದವನು ಅವನೇ. ಇಸ್ತ್ರಿಗೆಂದು ಒಯ್ದು, ಅದೇ ಬಣ್ಣದ ದಾರದಲ್ಲಿ ಅರ್ಧರ್ಧ ಇಂಚು ಹಿಡಿದು ಬಿಗಿ ಮಾಡಿ ತಂದಿಟ್ಟ. ಅವಳ ಬೆರಳಿನ ಉಂಗುರ ಕಳಚಿ ಬಿದ್ದರೆ ತಪ್ಪನ್ನು ಸೋಪಿನ ಮೇಲೆ ಹಾಕಿದ.

ಡಾಕ್ಟರ ಬಳಿಯಿಂದ ಮನೆಗೆ ಬಂದ ಮೇಲೆ ಅವಳು ಆಡಿದ್ದು ಒಂದೇ ಮಾತು. "ಮೊದಲನೇ ಸಲ ಹಿಡಿದಾಗಲೇ ಹೇಳಿದ್ರೆ ಅವತ್ತೇ ಡಾಕ್ಟ್ರ ಹತ್ರ ಓಡಿ ಹೋಗ್ತಿದ್ದೆ. ಅಮ್ಮನ್ನ ಕಣ್ಣಾರೆ ನೋಡಿದೋಳು ನಾನು."

ಒಂದು ವಾರದ ನಂತರ ಡಾಕ್ಟರು ಮಾಡಿಸಿದ್ದ ಪರೀಕ್ಷೆಯ ವರದಿ ಬಂತು. ನನ್ನ ಕೈಕಾಲು ಆಡೋದಿಲ್ಲ, ನೀವೇ ಹೋಗಿ ಎಂದುಬಿಟ್ಟಳು. ತಡವಾಗಿದೆ, ಆದರೆ ಕೈ ಮೀರಿಲ್ಲ ಎಂದರು ಡಾಕ್ಟರು; ಸೋಮವಾರವೇ ಸೇರಿಸಿ, ಆಪರೇಷನ್ ಮಾಡಿದರೆ ವಾಸಿಯಾಗುತ್ತದೆ, ನಿಮ್ಮ ಹೆಂಡತಿ ಮಾತ್ರ ಧೈರ್ಯವಾಗಿರಬೇಕು. ದರ್ಜಿ ಅದನ್ನು ಎರಡೆರಡು ಸಲ ಹೇಳಿಸಿಕೊಂಡ. ಬದುಕಿನಲ್ಲಿ ಮೊದಲ ಸಲ ಹೆಂಡತಿಗೆ ಸಮಾಧಾನ ಹೇಳಲು ಸುಳ್ಳು ಬೇಕಾಗಿರಲಿಲ್ಲ. ಮನೆಯವರೆಗೂ ಓಡಿಕೊಂಡೇ ಬಂದ.

ಅವಳು ಬೀರು ಖಾಲಿ ಮಾಡಿ ನೆಲದ ಮೇಲೆ ಕೂತಿದ್ದಳು. ಸುತ್ತಲೂ ಅಂಗಿಗಳು ಒಳಮೈ ಹೊರಗಾಗಿ ಬಿದ್ದಿದ್ದವು, ಒಂದೊಂದರ ಪಕ್ಕೆಯಲ್ಲೂ ಒಂದರ ಪಕ್ಕ ಒಂದು ನಾಲ್ಕು ಸಾಲು ಹೊಲಿಗೆ. ಕೈಯಲ್ಲಿ ಬ್ಲೇಡು ಹಿಡಿದು ಒಂದೊಂದೇ ಸಾಲು ಬಿಚ್ಚುತ್ತಿದ್ದಳು. ಬಿಚ್ಚಿದ ಅಂಗಿಯೊಂದನ್ನು ತೊಟ್ಟುಕೊಂಡಿದ್ದಳು. ಅದು ಯಾರದೋ ಬಟ್ಟೆಯ ಹಾಗೆ ಮೈಮೇಲೆ ಜೋಲುತ್ತಿತ್ತು.

"ವಾಸಿಯಾಗುತ್ತಂತೆ ಕಣೇ," ಎಂದ ಏದುಸಿರು ಬಿಡುತ್ತ. "ಡಾಕ್ಟ್ರೇ ಹೇಳಿದ್ರು, ಮಕ್ಕಳಾಣೆ. ಸೋಮವಾರ ಹೋಗಿ ಸೇರೋಣ."

ಅವಳು ಬ್ಲೇಡು ಕೆಳಗಿಟ್ಟು ಅವನ ಮುಖ ನೋಡಿದಳು.

"ಡಾಕ್ಟ್ರು ಹೇಳಿದ್ದನ್ನ ಎಷ್ಟು ಇಂಚು ಹಿಡಿದು ತಂದಿದ್ದೀರಿ?" ಎಂದು ಕೇಳಿದಳು.