ಗಂಟೆ ಹೊಡೆಯುವ ತನಕ

"ಒಂದು ಆಸ್ಪತ್ರೆ. ಹಾಸಿಗೆಗಳು ಬೇಗ ಖಾಲಿಯಾಗುತ್ತಿಲ್ಲ. ಹೊಸ ಕಟ್ಟಡ ಕಟ್ಟದೆ ಇನ್ನೂ ಹೆಚ್ಚು ರೋಗಿಗಳನ್ನು ಸೇರಿಸಿಕೊಳ್ಳುವುದು ಹೇಗೆ?" ಎಂದು ಓದಿ ನಿವೃತ್ತ ಸ್ಟೇಷನ್ ಮಾಸ್ತರರು ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆ ಪ್ರಶ್ನೆಯನ್ನು ಬದಿಗಿಟ್ಟು ಬೇರೊಂದನ್ನು ತೆಗೆಯಬಹುದಿತ್ತು. ಆದರೆ ಬಂದ ಸಂದೇಶವನ್ನು ಒಂದಕ್ಷರ ಬದಲಿಸದೆ ಮುಂದಿನ ಸ್ಟೇಷನ್ನಿಗೆ ದಾಟಿಸಿಯೇ ತಲೆ ನರೆತವರು ಅವರು. ಮಗಳು ಕೊಟ್ಟ ಪ್ರಶ್ನೆಗಳ ಕಟ್ಟಿನ ಮೇಲಿದ್ದುದನ್ನೇ ಓದಿಬಿಟ್ಟಿದ್ದರು.

ಎದುರಿಗೆ ಕುಳಿತ ಮಗಳು ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಅಡುಗೆಮನೆಯಿಂದ ತಂದಿದ್ದ ಪುಟ್ಟ ಗಡಿಯಾರವನ್ನು ತಿರುಗಿಸಿ ಮೇಜಿನ ನಡುವೆ ಇಟ್ಟಳು. ಒಲೆಯ ಮೇಲಿಟ್ಟದ್ದನ್ನು ಮರೆಯದಿರಲೆಂದು ಅವಳ ತಾಯಿ ಬಳಸುತ್ತಿದ್ದ ಗಡಿಯಾರ. ತಿರುಗಿಸಿದಷ್ಟು ಹೊತ್ತು ಟಿಕಟಿಕ ಎಂದು ಕೊನೆಗೆ ಗಂಟೆ ಹೊಡೆಯುತ್ತದೆ.

ಬೇರೆ ಕಂಪನಿಗಳ ಕಷ್ಟಕ್ಕೆ ಉಪಾಯ ಹೇಳುವುದನ್ನೇ ಕಸುಬು ಮಾಡಿಕೊಂಡ ದೊಡ್ಡ ಸಂಸ್ಥೆಯೊಂದರಲ್ಲಿ ಮರುದಿನ ಅವಳ ಸಂದರ್ಶನದ ಕೊನೆಯ ಸುತ್ತು. ಹೋದ ಸಲ ಇದೇ ಸುತ್ತಿನಲ್ಲಿ ಬೇಡವೆಂದಿದ್ದರು. ಹುಡುಗಿ ಜಾಣೆ, ಆದರೆ ಎಲ್ಲರಿಗೂ ಹೊಳೆಯುವುದೇ ಇವಳಿಗೂ ಹೊಳೆಯುತ್ತದೆ ಎಂದು ಹೇಳಿ ಕಳಿಸಿದ್ದರು. ಈ ಸಲವೂ ಜಾರಿದರೆ ಆ ಬಾಗಿಲು ಮುಚ್ಚಿದಂತೆಯೇ. ಅದಕ್ಕೇ ಈ ಅಭ್ಯಾಸ. ತಂದೆಯ ಕೆಲಸ ಇಷ್ಟೇ: ಪ್ರಶ್ನೆ ಓದಬೇಕು, ತಲೆಯಾಡಿಸಬಾರದು, ನೆರವಾಗಬಾರದು, ಮುಖದಲ್ಲಿ ಏನೂ ತೋರಿಸಬಾರದು. ಅವಳು ಮಾತು ನಿಲ್ಲಿಸಿದಾಗಲೆಲ್ಲ "ಮತ್ತೇನು?" ಎನ್ನಬೇಕು. ಗಂಟೆ ಹೊಡೆದರೆ ಮುಗಿಯಿತು, ಇಬ್ಬರೂ ಏಳಬಹುದು.

ಅವಳು ಶುರುಮಾಡಿದಳು. ಮನೆಗೆ ಹೋಗುವವರನ್ನು ಸಂಜೆಯವರೆಗೆ ಕಾಯಿಸದೆ ಬೆಳಿಗ್ಗೆಯೇ ಕಳಿಸಬೇಕು. ಪರೀಕ್ಷೆಗಳನ್ನೆಲ್ಲ ಸೇರಿಸಿಕೊಳ್ಳುವ ಮೊದಲೇ ಮುಗಿಸಬೇಕು. ಹೊರಡಲು ಗಾಡಿ ಕಾಯುವವರಿಗೆ ಹಾಸಿಗೆ ಯಾಕೆ, ಕುರ್ಚಿ ಹಾಕಿದ ಒಂದು ಕೋಣೆ ಸಾಕು. ರಜೆಯ ದಿನವೂ ದೊಡ್ಡ ಡಾಕ್ಟರು ಬಂದು ಯಾರು ಹೋಗಬಹುದೆಂದು ಹೇಳಬೇಕು.

"ಮತ್ತೇನು?"

"ಇನ್ನು, ಗುಣವಾಗೋ ಭರವಸೆ ಇಲ್ಲದವರು. ಅವರನ್ನ ಮನೆಗೆ ಕಳಿಸಬಹುದು. ಅದನ್ನ ಮನೆಯವರಿಗೆ ನೋವಾಗದ ಹಾಗೆ ಹೇಳೋಕೆ ಸಿಬ್ಬಂದಿಗೆ ತರಬೇತಿ ಕೊಡಬೇಕು. ಮನೆಯಲ್ಲಿದ್ದರೆ ಅವರಿಗೂ ನೆಮ್ಮದಿ, ಅಂತ."

ಮಾಸ್ತರರ ಕಿವಿ ಬಿಸಿಯಾಯಿತು. ಇದೇ ಮಾತನ್ನು ಅವರು ಆಸ್ಪತ್ರೆಯ ವರಾಂಡದಲ್ಲಿ ಕೇಳಿದ್ದರು, ಒಬ್ಬ ಎಳೆಯ ಡಾಕ್ಟರನ ಬಾಯಿಂದ. ಆ ಮಾತು ಕೇಳಿ ಮನೆಗೆ ಕರೆತಂದ ಹೆಂಡತಿ ಮತ್ತೆ ಎದ್ದು ಕೂರದೆಯೇ ತೀರಿಕೊಂಡಳು. ಅದು ಆ ಹುಡುಗನ ಎದೆಯಿಂದ ತಾನಾಗಿ ಬಂದ ಕರುಣೆಯೆಂದು ಅವರು ಇಷ್ಟು ದಿನ ನಂಬಿದ್ದರು. ಪ್ರಾರ್ಥನೆಗೆ ಕುಳಿತಾಗ ಅವನ ಒಳಿತಿಗೂ ಒಂದು ಮಾತು ಬೇಡಿಕೊಂಡಿದ್ದರು. ಈಗ ನೋಡಿದರೆ ಅದನ್ನು ಯಾರೋ ಹೀಗೆಯೇ ಮೇಜಿನ ಮುಂದೆ ಕುಳಿತು ಹೆಣೆದಿದ್ದರು.

"ಅವಳ ಬಟ್ಟೆ ಇನ್ನೂ ಕಪಾಟಿನಲ್ಲೇ ಇದೆ. ಅಷ್ಟರಲ್ಲಿ ಅವಳ ಹಾಸಿಗೆ ಖಾಲಿ ಮಾಡೋ ಉಪಾಯ ನಿನ್ನ ಬಾಯಲ್ಲೇ ಬರಬೇಕಾಗಿತ್ತಾ?"

"ಅಪ್ಪ, ನಡುವೆ ಮಾತಾಡೋ ಹಾಗಿಲ್ಲ. ನಾಳೆ ಅಲ್ಲಿ ಯಾರೂ ನನ್ನ ಮುಖ ನೋಡಿ ಪ್ರಶ್ನೆ ಬದಲಾಯಿಸಲ್ಲ."

"ಹಾಗೋ? ಸರಿ. ಮತ್ತೇನು?" ಅವರು ಮೇಜಿನ ಮೇಲೆ ಬಗ್ಗಿದರು. "ಡಾಕ್ಟರ ಜಾಗದಲ್ಲಿ ನಿಂತು ಹೇಳಿದೆ, ಆಸ್ಪತ್ರೆ ಯಜಮಾನರ ಜಾಗದಲ್ಲಿ ನಿಂತು ಹೇಳಿದೆ. ಮಲಗಿದವಳ ಜಾಗದಲ್ಲಿ ನಿಲ್ಲೋದನ್ನ ನಿನಗೆ ಯಾರೂ ಕಲಿಸಲಿಲ್ವಾ? ಹೇಳು, ಮತ್ತೇನು? ಮತ್ತೇನು?"

ಮಗಳು ಬೋರಲು ಬಿದ್ದ ಕಾಗದವನ್ನು ತನ್ನತ್ತ ಎಳೆದುಕೊಂಡಳು. ಮಾತಾಡಿದಾಗ ದನಿ ತಗ್ಗಿತ್ತು, ಆದರೆ ಅದರಲ್ಲಿ ಅಳು ಇರಲಿಲ್ಲ.

"ಈ ‘ಮತ್ತೇನು’ ಅನ್ನೋ ಮಾತು ನಿಮಗೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ ಅಪ್ಪ. ಅವತ್ತು ಆ ಡಾಕ್ಟರಿಗೆ ಕೈಮುಗಿದು, ದೇವರ ಚಿತ್ತ ಅಂದ್ರಿ. ಮತ್ತೇನು ಮಾಡಬಹುದು ಅಂತ ಒಂದು ಸಲ ಕೇಳಲಿಲ್ಲ. ನಾನೂ ಕೇಳಲಿಲ್ಲ, ನೀವಿದ್ದೀರಲ್ಲ ಅಂತ ಸುಮ್ಮನಿದ್ದೆ."

"ದೇವರನ್ನ ಇದರಲ್ಲಿ ಎಳೀಬೇಡ."

"ಎಳೆದದ್ದು ನಾನಲ್ಲ. ಆಸ್ಪತ್ರೆಯಲ್ಲಿ ಅಮ್ಮ ದಿನಾ ನಿಮ್ಮ ತೋಳು ಹಿಡ್ಕೊಂಡು, ಇನ್ನೊಂಚೂರು ಕೂತ್ಕೊಳ್ಳಿ ಅಂತಿದ್ಲು. ಭೇಟಿ ಹೊತ್ತು ಮುಗೀತು ಅಂತ ಗಂಟೆ ಹೊಡೆದ ಕೂಡಲೇ, ರೈಲು ಬಿಡೋರ ಹಾಗೆ ಎದ್ದು ಹೊರಟುಬಿಡ್ತಿದ್ರಿ. ಪಕ್ಕದ ಹಾಸಿಗೆಯೋರನ್ನ ನೋಡೋಕೆ ಬಂದೋರು ಯಾರೂ ಏಳ್ತಿರಲಿಲ್ಲ. ಅವರನ್ನ ಯಾರೂ ಎಬ್ಬಿಸ್ತಾನೂ ಇರಲಿಲ್ಲ."

ಮಾಸ್ತರರ ಬಲಗೈ ಮೇಲೆದ್ದಿತು. ಹೊಡೆಯಲು ಎತ್ತಿದ್ದೋ, ಸಾಕು ಎನ್ನಲು ಎತ್ತಿದ್ದೋ ಅವರಿಗೇ ತಿಳಿಯಲಿಲ್ಲ. ಅದೇ ಹೊತ್ತಿಗೆ ಗಡಿಯಾರ ಕಿರ್ರೆಂದು ಗಂಟೆ ಹೊಡೆಯಿತು. ಮಗಳು ಕಾಗದಗಳನ್ನು ಒಟ್ಟುಮಾಡಿ ಕುರ್ಚಿ ಹಿಂದೆ ಸರಿಸಿ ಎದ್ದಳು.

ಎತ್ತಿದ ಕೈ ಗಡಿಯಾರದ ಮೇಲೆ ಬಂದು ಬಿದ್ದಿತು. ಗಂಟೆ ಅಂಗೈಯ ಕೆಳಗೆ ಒದ್ದಾಡಿತು, ನಿಲ್ಲಲಿಲ್ಲ. ಅವರು ಇನ್ನೂ ಬಲವಾಗಿ ಒತ್ತಿ ಹಿಡಿದರು, ಉಗುರುಗಳು ಬೆಳ್ಳಗಾಗುವವರೆಗೆ.

"ಹೊಡ್ಕೊಳ್ಳಲಿ ಬಿಡು," ಎಂದರು, ಸಿಟ್ಟು ಇಳಿಯದ ದನಿಯಲ್ಲೇ. "ಇನ್ನೊಂಚೂರು ಕೂತ್ಕೋ. ಮಲಗಿದವಳ ಜಾಗದಿಂದ ಹೇಳು. ಮತ್ತೇನು?"