ಒಂದೇ ತಟ್ಟೆಯ ಊಟ

“ತಟ್ಟೆ ಬದಲಾಯಿಸಬೇಡಪ್ಪ. ಇದಕ್ಕೇ ಹಾಕು,” ಎಂದರು ನರಸಿಂಹಯ್ಯ, ತಟ್ಟೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು.

ವೇಟರ್ ತಬ್ಬಿಬ್ಬಾದ. “ಸರ್, ಅದು ಸ್ಟಾರ್ಟರ್ ಪ್ಲೇಟು. ಊಟಕ್ಕೆ ಬೇರೆ ಕೊಡ್ತೀವಿ.”

“ಹೊಟ್ಟೆ ಒಂದೇ ಅಲ್ವೇನಯ್ಯಾ? ಹಾಕು.”

ಪಕ್ಕದ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಮಗಳು ಶ್ರೀವಾಣಿ ತಲೆ ತಗ್ಗಿಸಿ ಮೇಜಿನ ಬಟ್ಟೆಯ ಮಡಿಕೆಯನ್ನು ಸವರತೊಡಗಿದಳು. ಕಿವಿ ಬಿಸಿಯಾಗಿತ್ತು.

ಅಪ್ಪ ಅಮ್ಮನನ್ನು ಮುಳಬಾಗಿಲಿನಿಂದ ಕೋಲಾರದ ಈ ದೊಡ್ಡ ಹೋಟೆಲಿಗೆ ಹಟ ಹಿಡಿದು ಕರೆತಂದವಳು ಅವಳೇ. ಅವಳ ಗಂಡ ಚಂದ್ರು ಇಲ್ಲಿ ಶೆಫ್. ಯಲ್ದೂರಿನಲ್ಲಿ ರಾಗಿ, ತರಕಾರಿ ಬೆಳೆಯುವವರ ಮನೆಯ ಹುಡುಗ. ಅವನನ್ನು ರಿಜಿಸ್ಟರ್ ಮದುವೆಯಾಗಿ ಒಂದೂವರೆ ವರ್ಷ. ಅಂದಿನಿಂದ ಇಂದಿನವರೆಗೆ ಅಪ್ಪ ಅಳಿಯನನ್ನು ಹೊಸಿಲು ದಾಟಿಸಿಲ್ಲ. ನಲವತ್ತು ವರ್ಷ ಮದುವೆ ಮನೆಗಳಲ್ಲಿ ಸೌಟು ಹಿಡಿದ ಮನುಷ್ಯ. ಅವರನ್ನು ಒಲಿಸುವುದಿದ್ದರೆ ಅದು ಅಳಿಯನ ಕೈರುಚಿಯಿಂದಲೇ ಎಂದು ಶ್ರೀವಾಣಿ ಲೆಕ್ಕ ಹಾಕಿದ್ದಳು. ಚಂದ್ರುಗೂ ಹೇಳದೆ ಮೇಜು ಬುಕ್ ಮಾಡಿದ್ದಳು. ಹೇಳಿದ್ದರೆ, ಸ್ಟಾಫ್ ಮನೆಯವರು ಬರೋ ಹಾಗಿಲ್ಲ ಕಣೇ ಎಂದು ಎಂದಿನಂತೆ ತಪ್ಪಿಸಿಬಿಡುತ್ತಿದ್ದ.

ಬಂದಾಗ ಎಲ್ಲ ಸರಿಯಾಗಿಯೇ ಇತ್ತು. ಅಪ್ಪ ಮೆನು ತಿರುವಿ ತಿರುವಿ ಹನ್ನೊಂದು ಬಗೆ ಹೇಳಿದ್ದರು. “ಅಳಿಯದೇವರ ಪರೀಕ್ಷೆ ಇವತ್ತೇ ಆಗಿಹೋಗ್ಲಿ,” ಎಂದು ಹುಬ್ಬು ಕುಣಿಸಿದ್ದರು. ಕೈ ತೊಳೆಯದೆ ಊಟಕ್ಕೆ ಕೂರುವ ಪೈಕಿಯಲ್ಲ ಅವರು. ನಲ್ಲಿ ಹುಡುಕಿಕೊಂಡು ಹೋಗಿ ಯಾವುದೋ ಒಳಬಾಗಿಲು ನೂಕಿದರಂತೆ, ಅಲ್ಲಿಯವರು ಯಾರೋ ಗದರಿ ಕಳಿಸಿದರಂತೆ. ಮುಖ ಸಣ್ಣಗೆ ಮಾಡಿಕೊಂಡು ವಾಪಸು ಬಂದರು. ಅಲ್ಲಿಂದ ಶುರುವಾಯಿತು.

ಹನ್ನೊಂದರಲ್ಲಿ ಒಂಬತ್ತು ಬಗೆ ಬೇಡವೆಂದರು. ಹೆಂಡತಿ ಮಗಳ ಮುಂದಿದ್ದ ತಟ್ಟೆ, ಚಮಚಗಳನ್ನೆಲ್ಲ ಒಟ್ಟುಮಾಡಿ ವೇಟರ್ ಕೈಗಿತ್ತರು. “ಇವನ್ನ ಯಾರೂ ಮುಟ್ಟಿಲ್ಲ. ಎಲ್ಲಿತ್ತೋ ಅಲ್ಲೇ ಇಡು.”

“ಮತ್ತೆ ನಾವೆಲ್ಲಿ ತಿನ್ನೋದು?” ಎಂದರು ತುಳಸಮ್ಮ.

“ಇದರಲ್ಲೇ ಕೈ ಹಾಕು.”

“ಏಮಂಡೀ, ಎಲ್ಲಾರೂ ನೋಡ್ತಿದಾರೆ! ಎಂಜಲು ಅಂತ ನನ್ನ ಲೋಟಾನೂ ಮುಟ್ಟದ ಮಹಾನುಭಾವರು ನೀವು.”

“ಇವತ್ತೊಂದು ದಿನ ಮುಟ್ಟಿದ್ರೆ ಆಕಾಶ ಬೀಳಲ್ಲ. ತಿನ್ನೇ.”

ಈಗ ವೇಟರ್ ಅದೇ ತಟ್ಟೆಗೆ ಗೋಲಿಯಷ್ಟೇ ಗಾತ್ರದ ಮೂರು ಮುದ್ದೆಗಳನ್ನು ಇಕ್ಕಳದಲ್ಲಿ ಎತ್ತಿ ಇಟ್ಟ. ಮೇಲೆ ಎರಡು ಹನಿ ಸೊಪ್ಪಿನ ಸಾರು, ಒಂದು ಪುದೀನ ಎಲೆ. ಶ್ರೀವಾಣಿ ಒಂದನ್ನು ಬಾಯಿಗೆ ಹಾಕಿಕೊಂಡಳು. ನುಂಗುವಷ್ಟರಲ್ಲಿ ಮುಗಿದೇಹೋಯಿತು. ಸಾರು ಸಪ್ಪೆ. ಚಂದ್ರು ಮನೆಯಲ್ಲಿ ಒಗ್ಗರಣೆ ಹಾಕಿದರೆ ಬೀದಿಯವರೆಗೂ ಘಮ ಬರುತ್ತದೆ, ಇದೇನಾಯಿತು ಇವತ್ತು?

“ಉಪ್ಪು ಕಡಿಮೆಯಾ ಅಪ್ಪಾ? ರಶ್ಶಲ್ಲಿ ಮರೆತಿರಬೇಕು.”

“ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಅವನ ಕೈ ಅಡುಗೆ ಅಲ್ಲ ಬಿಡಮ್ಮ ಇದು.”

ಕೊಂಕು ಅವಳಿಗೆ ನಾಟಿತು. “ಇಲ್ಲಿ ಅವ್ರೇ ಅಪ್ಪಾ ಶೆಫ್ಫು.”

“ಹೂಂ,” ಎಂದರು ಅಪ್ಪ. ಅಷ್ಟೆ.

ವೇಟರ್ ಹತ್ತಿರ ಬಂದಾಗ ಅವಳು ಮೆಲ್ಲಗೆ ಕೇಳಿದಳು, “ಚಂದ್ರು ಅವರಿಗೆ ಒಂದ್ನಿಮಿಷ ಹೊರಗೆ ಬರೋಕೆ ಹೇಳ್ತೀರಾ?”

“ಚಂದ್ರುನಾ? ಈಗ ಕಳಿಸಲ್ಲ ಮೇಡಂ. ಒಳಗೆ ತುಂಬ ಕೆಲಸ.”

“ಕರೀಬೇಡ, ಕರೀಬೇಡ,” ಅಪ್ಪ ಅವಸರದಲ್ಲಿ ಕೈಯಾಡಿಸಿದರು. “ಅವನ ಪಾಡಿಗೆ ಅವನಿರಲಿ.”

ಅಲ್ಲಿಗೆ ಮುಗಿದಿದ್ದರೂ ಅವಳು ಸಹಿಸಿಕೊಳ್ಳುತ್ತಿದ್ದಳು. ಅಪ್ಪ ತಟ್ಟೆಯನ್ನು ಬೆರಳಲ್ಲಿ ಬಳಿದು ಬಳಿದು ನೆಕ್ಕಿದರು. ಪುದೀನ ಎಲೆಯನ್ನೂ ಬಿಡಲಿಲ್ಲ. ಆಮೇಲೆ ಲೋಟದ ನೀರನ್ನು ತಟ್ಟೆಗೆ ಸುರಿದು, ಅದರಲ್ಲೇ ಕೈಯಾಡಿಸಿ, ಅಂಚೆಲ್ಲ ಉಜ್ಜತೊಡಗಿದರು. ಊಟ ಮಾಡುತ್ತಿದ್ದವರೆಲ್ಲ ಇತ್ತ ತಿರುಗಿದರು. ಒಬ್ಬಾಕೆ ಮೂಗಿಗೆ ಕರವಸ್ತ್ರ ಹಿಡಿದಳು. ಕೋಟು ತೊಟ್ಟ ಮ್ಯಾನೇಜರ್ ದಡದಡನೆ ಬಂದ.

“ಯಜಮಾನ್ರೇ, ಇಲ್ಲಿ ಹಾಗೆಲ್ಲ ಮಾಡಬಾರದು. ಬೇರೆ ಗೆಸ್ಟ್‌ಗಳಿಗೆ ಅಸಹ್ಯ ಆಗುತ್ತೆ.”

ಮದುವೆ ಮನೆಗಳಲ್ಲಿ ಬೀಗರನ್ನೇ ಗದರಿಸುತ್ತಿದ್ದ ಅಪ್ಪ ಇವನ ಮುಂದೆ ಎದ್ದುನಿಂತು ಕೈಮುಗಿದರು. “ತಪ್ಪಾಯ್ತಪ್ಪ.”

ಹೊರಗೆ, ಪೋರ್ಟಿಕೋದ ಬಿಸಿಲಲ್ಲಿ, ಶ್ರೀವಾಣಿಯ ಕಟ್ಟೆ ಒಡೆಯಿತು.

“ಅವ್ರನ್ನ ಕಂಡ್ರೆ ಆಗಲ್ಲ ಅಂತಿದ್ರೆ ಬಾಯಿಬಿಟ್ಟು ಹೇಳಿ. ಅವ್ರು ಕೆಲಸ ಮಾಡೋ ಜಾಗದಲ್ಲೇ ಯಾಕೆ ಮಾನ ಕಳೀತೀರಾ? ನಾಳೆ ಅವ್ರು ಇಲ್ಲಿ ತಲೆ ಎತ್ತೋದು ಹೇಗೆ?”

“ಹೌದು ಮತ್ತೆ,” ಎಂದು ಮೂಗೊರೆಸಿಕೊಂಡರು ತುಳಸಮ್ಮ. “ಕಾಡುಜನ ಅನ್ಕೊಂಡಿರ್ತಾರೆ ನಮ್ಮನ್ನ.”

ನರಸಿಂಹಯ್ಯ ಯಾರ ಮುಖವನ್ನೂ ನೋಡಲಿಲ್ಲ. “ಭಾನುವಾರ ಅವನನ್ನ ಮನೆಗೆ ಕರ್ಕೊಂಡು ಬಾಮ್ಮ. ನಾನೇ ಕೂರಿಸಿ ಬಡಿಸ್ತೀನಿ.”

ಒಂದೂವರೆ ವರ್ಷ ಅವಳು ಕಾದಿದ್ದ ಮಾತು. ಆದರೆ ಈಗ ಅದು ಬೆಂಕಿಗೆ ತುಪ್ಪ ಹೊಯ್ದಂತಾಯಿತು. “ಯಾಕೆ? ಸಾರು ಮಾಡೋದು ಹೇಗೆ ಅಂತ ಪಾಠ ಹೇಳೋಕಾ?”

“ಛೇ, ಅಲ್ಲ. ಆಮೇಲೆ, ಅವನ ಕೈಗೆ ದಿನಾ ಒಂಚೂರು ಕೊಬ್ಬರಿ ಎಣ್ಣೆ ಹಚ್ಚು. ಬೆರಳು ಬಿರಿದಿರುತ್ತೆ.”

“ಒಲೆ ಮುಂದೆ ನಿಲ್ಲೋರ ಬೆರಳು ಯಾಕೆ ಬಿರಿಯುತ್ತೆ? ಏನೇನೋ ಮಾತಾಡ್ಬೇಡಿ!”

ಅಪ್ಪ ಹೆಂಡತಿಯ ತೋಳು ಹಿಡಿದು ಬಸ್ ಸ್ಟಾಪಿನ ಕಡೆ ತಿರುಗಿದರು.

ಗಂಡನ ಹತ್ತಿರ ಒಂದು ಕ್ಷಮೆಯನ್ನಾದರೂ ಕೇಳಿ ಬರೋಣವೆಂದು ಶ್ರೀವಾಣಿ ಒಬ್ಬಳೇ ಒಳಗೆ ನಡೆದಳು. ಯಾರೂ ತಡೆಯುವ ಮೊದಲೇ ಊಟದ ಹಾಲ್‌ನ ಹಿಂದಿನ ಒಳಬಾಗಿಲು ನೂಕಿದಳು.

ಎದೆಮಟ್ಟದ ಎಂಜಲು ತಟ್ಟೆಗಳ ರಾಶಿಯ ಮುಂದೆ, ಮೊಣಕೈವರೆಗೆ ಸೋಪಿನ ನೊರೆಯಲ್ಲಿ ಮುಳುಗಿ, ಒಂದೊಂದೇ ತಟ್ಟೆ ಉಜ್ಜುತ್ತ ನಿಂತಿದ್ದ ಚಂದ್ರು.